ಸ್ಪೀಕರಿಗೆ ಹಿಡಿದ ಹೋಮದ ಹೊಗೆ

ಕಿಟ್ಟಿಯ ಪೂರ್ತಿ ಹೆಸರು ಕೃಷ್ಣಸ್ವಾಮಿ ಎಂಬುದು ಆಧಾರ್ ಕಾರ್ಡಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಜಯನಗರ ಏಳನೇ ಬ್ಲಾಕಿನಲ್ಲಿ ಅರವತ್ತು ವರ್ಷ ತುಂಬಿದ ದಿನವೂ ಅವನು ಕಿಟ್ಟಿಯೇ. ವಿಮಾ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಕೂತು, ಕೂತಲ್ಲೇ ಬಡ್ತಿ ಪಡೆದು, ಕೂತಲ್ಲೇ ನಿವೃತ್ತನಾದವನು. ಬಡಾವಣೆಯಲ್ಲಿ ಅವನಿಗೆ ಎರಡು ಕಾರಣಕ್ಕೆ ಹೆಸರು. ಮೊದಲನೆಯದು ವಂದನಾರ್ಪಣೆ. ನಿವಾಸಿಗಳ ಸಂಘದ ಸಭೆಯಿರಲಿ, ರಾಮನವಮಿ ಕಛೇರಿಯಿರಲಿ, ಕೊನೆಗೆ ಮೈಕು ಕಿಟ್ಟಿಯ ಕೈಗೆ ಬರಲೇಬೇಕು. ಶಾಮಿಯಾನದವರಿಂದ ಹಿಡಿದು ನಡುವೆ ಕೈಕೊಡದೆ ಉಳಿದ ಕರೆಂಟಿನವರೆಗೆ ಒಬ್ಬರನ್ನೂ ಬಿಡದೆ ಧನ್ಯವಾದ ಹೇಳುತ್ತಿದ್ದ. ಅಷ್ಟು ಹೊತ್ತಿಗೆ ಅದನ್ನು ಸ್ವೀಕರಿಸಬೇಕಾದವರೆಲ್ಲ ಪಾನಕ ಕೋಸಂಬರಿಯ ಸಾಲಿನಲ್ಲಿ ನಿಂತಿರುತ್ತಿದ್ದರು.

ಎರಡನೆಯದು ಸ್ಪೀಕರು. ಅವನ ಹಾಲಿನ ಪೂರ್ವದ ಗೋಡೆಗೆ ಸೊಂಟದೆತ್ತರದ ಎರಡು ತೇಗದ ಪೆಟ್ಟಿಗೆಗಳು. ಒಳಗೆ ಅರವತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಒಂದೊಂದು ಸ್ಪೀಕರು. ಹಿಂದುಗಡೆ ತೆಂಗಿನಕಾಯಿ ಗಾತ್ರದ ಅಯಸ್ಕಾಂತ, ಮುಂದುಗಡೆ ಅಪ್ಪಳದಷ್ಟು ತೆಳ್ಳನೆಯ ಕಾಗದದ ಕೋನು. ಸದ್ದು ಮಾಡುವುದು ಆ ಕಾಗದ. ಅಂಥ ಕಾಗದವನ್ನು ಈಗ ಯಾರೂ ಮಾಡುವುದಿಲ್ಲ. ಹೋಯಿತೆಂದರೆ ಹೋಯಿತು.

ನಿಜ ಹೇಳಬೇಕೆಂದರೆ ಅವು ಕಿಟ್ಟಿಯವಲ್ಲ. ಜಯಸಿಂಹರವು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಜಯಸಿಂಹ ಅದೇ ರಸ್ತೆಯ ಕೊನೆಯ ಮನೆಯಲ್ಲಿದ್ದವರು. ಕಿಟ್ಟಿ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಅವನನ್ನು ಆ ಪೆಟ್ಟಿಗೆಗಳ ಮುಂದೆ ಕೂರಿಸಿ, ಇದು ತೋಡಿ, ಇದು ಕಲ್ಯಾಣಿ ಎಂದು ಕಿವಿ ಹಿಂಡಿ ಕೇಳಿಸಿದವರು ಅವರೇ. ಹನ್ನೆರಡು ವರ್ಷದ ಹಿಂದೆ ಹೆಂಡತಿ ವನಿತಾ ಅವರೊಂದಿಗೆ ವಸಂತಪುರದಲ್ಲಿರುವ ಮಗಳ ಫ್ಲ್ಯಾಟಿಗೆ ಹೋಗುವಾಗ, ಅಲ್ಲಿ ಈ ಪೆಟ್ಟಿಗೆಗಳಿಗೆ ಜಾಗವಿಲ್ಲವೆಂದು, "ಕಿಟ್ಟಿ, ನಿನ್ನ ಹತ್ರ ಇರಲಿ ಕಣೋ. ತಿಂಗಳಿಗೊಂದು ಸಲ ಬಂದು ಕೇಳಿ ಹೋಗ್ತೀನಿ," ಎಂದಿದ್ದರು. ಅವತ್ತಿನಿಂದ ಪ್ರತಿ ತಿಂಗಳ ಎರಡನೇ ಭಾನುವಾರ ದಂಪತಿಗಳು ಆಟೋದಲ್ಲಿ ಬರುತ್ತಾರೆ, ಎರಡು ರೆಕಾರ್ಡು ಕೇಳುತ್ತಾರೆ, ಊಟ ಮಾಡಿಕೊಂಡು ಹೋಗುತ್ತಾರೆ. ಮಂಡಿನೋವಿನಿಂದ ಬೇರೆಲ್ಲೂ ಹೋಗದ ಎಪ್ಪತ್ತೆಂಟರ ಜಯಸಿಂಹ ಇದೊಂದನ್ನು ತಪ್ಪಿಸಿಲ್ಲ.

ಮೊದಲ ವರ್ಷ ಕಿಟ್ಟಿ ಬಂದವರಿಗೆಲ್ಲ, "ಇದು ಮೇಷ್ಟ್ರ ಸ್ಪೀಕರು," ಎನ್ನುತ್ತಿದ್ದ. ಎರಡನೇ ವರ್ಷ, "ನಮ್ಮನೇಲಿರೋ ಸ್ಪೀಕರು." ಮೂರನೇ ವರ್ಷ, "ನನ್ನ ಸ್ಪೀಕರು." ಐದನೇ ವರ್ಷದ ಹೊತ್ತಿಗೆ ಕಿಟ್ಟಿ ಅವನ್ನು ಹೇಗೆ ಹುಡುಕಿ ತಂದ ಎಂಬ ಕತೆಯೂ ಹುಟ್ಟಿಕೊಂಡಿತ್ತು. ಅದರಲ್ಲಿ ಹಡಗು ಇತ್ತು.

ಷಷ್ಟ್ಯಬ್ದಿಗೆ ಮನೆಯಲ್ಲೇ ಒಂದು ಸುದರ್ಶನ ಹೋಮ ಆಗಲಿ ಎಂದವಳು ಅವನ ಹೆಂಡತಿ ಅಲಮೇಲು. ವಾಧ್ಯಾರರು ಪಟ್ಟಿ ಕೊಡುತ್ತಾ, "ವಾಲಗದವರಿಗೆ ಹೇಳಿದ್ದೀರೋ?" ಎಂದು ಕೇಳಿದರು.

"ವಾಲಗ ಯಾಕೆ ಸ್ವಾಮಿ? ನನ್ನ ಸ್ಪೀಕರಿದೆ. ನಾದಸ್ವರ ಹಾಕಿದ್ರೆ ವಿದ್ವಾಂಸರು ಪಕ್ಕದಲ್ಲಿ ಕೂತು ಊದಿದ ಹಾಗಿರತ್ತೆ. ಎಂಜಲೂ ಸಿಡಿಯಲ್ಲ."

"ಏನ್ನಾ, ಹೊಗೆ ಬರತ್ತೆ. ಪೆಟ್ಟಿಗೆಗಳನ್ನ ರೂಮಿಗೆ ಸರಿಸೋಣ," ಎಂದಳು ಅಲಮೇಲು.

"ಹೋಮದ ಹೊಗೆ ಅಲಮೇಲು ಅದು. ಮನುಷ್ಯರಿಗೇ ಒಳ್ಳೇದು ಅಂತಾರೆ."

ಕಿಟ್ಟಿ ಅಲ್ಲಿಗೂ ನಿಲ್ಲಲಿಲ್ಲ. ಸ್ಪೀಕರಿನ ಮುಂದೆ ಬಟ್ಟೆ ಕಟ್ಟಿದ ಎರಡು ಚೌಕಟ್ಟುಗಳಿರುತ್ತವೆ. ಬಟ್ಟೆಯಿದ್ದರೆ ನಾದಸ್ವರದ ಮೊನೆ ಮಂಕಾಗುತ್ತದೆಂದು ಅವನ್ನು ಕಳಚಿ ಅಟ್ಟದ ಮೇಲಿಟ್ಟ. ಹೋಮಕುಂಡ ನಾಲ್ಕೇ ಅಡಿ ದೂರ. ಮಳೆಗೆ ಸಿಕ್ಕಿ ಸೌದೆ ಹಸಿಯಾಗಿತ್ತು. ಉರಿ ಆರೀತೆಂದು ಫ್ಯಾನು ಬಂದ್. ಪೂರ್ಣಾಹುತಿಯ ಹೊತ್ತಿಗೆ ತುಪ್ಪ ಧಾರಾಳವಾಗಿ ಬಿತ್ತು, ಕಿಟ್ಟಿ ವಾಲ್ಯೂಮನ್ನು ತುದಿಗೆ ತಿರುಗಿಸಿದ. ತವಿಲಿನ ಒಂದೊಂದು ಪೆಟ್ಟಿಗೂ ಆ ಬತ್ತಲೆ ಕೋನುಗಳು ಒಳಕ್ಕೂ ಹೊರಕ್ಕೂ ಮಿಡಿಯುತ್ತಾ, ಪ್ರಾಣಾಯಾಮ ಮಾಡುವವರ ಹಾಗೆ ಹೊಗೆಯನ್ನು ಎಳೆದುಕೊಂಡವು. ಬಂಧುಬಳಗವೆಲ್ಲ ಕಣ್ಣೊರೆಸಿಕೊಳ್ಳುತ್ತಾ ಬಾಲ್ಕನಿಗೆ ಹೋಗಿಯಾಗಿತ್ತು. ಒಳಗುಳಿದವರು ವಾಧ್ಯಾರರು, ದಂಪತಿಗಳು ಮತ್ತು ಎರಡು ಸ್ಪೀಕರುಗಳು. ಎದ್ದು ಹೋಗುವ ಸ್ವಾತಂತ್ರ್ಯ ಇಲ್ಲದವರು ಮಾತ್ರ.

ಮಾರನೆಯ ಬೆಳಿಗ್ಗೆ ಪರದೆ ಸರಿಸಿದಾಗ ಕಿಟ್ಟಿ ನೋಡಿದ. ಬಿಸ್ಕತ್ತಿನ ಬಣ್ಣದ ಕೋನುಗಳು ದೋಸೆ ಕಾವಲಿಯ ಬಣ್ಣಕ್ಕೆ ತಿರುಗಿದ್ದವು. ಹತ್ತಿರ ಹೋದರೆ ಸುಟ್ಟ ತುಪ್ಪದ ವಾಸನೆ. ವೀಣೆಯ ರೆಕಾರ್ಡು ಹಾಕಿದ. ಸದ್ದು ನಿಜವಾಗಿಯೂ ಮಂಕಾಗಿದೆಯೋ, ಕಣ್ಣು ಕಂಡದ್ದನ್ನು ಕಿವಿ ನಂಬುತ್ತಿದೆಯೋ ತಿಳಿಯಲಿಲ್ಲ. ಗೋಡೆಯ ಕ್ಯಾಲೆಂಡರು ನೋಡಿದ. ಎರಡನೇ ಭಾನುವಾರಕ್ಕೆ ಇನ್ನು ಹತ್ತು ದಿನ. ಹತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ, "ಅಯ್ಯೋ, ಮೇಷ್ಟ್ರ ಸ್ಪೀಕರು!" ಎಂಬ ಮಾತು ಬಂತು.

ಮೊದಲು ಅವನು ಕೇಳಿದ್ದು 'ನಾದಪ್ರಿಯರು' ಎಂಬ ವಾಟ್ಸಾಪ್ ಗುಂಪನ್ನು. "ಒಬ್ಬ ಸ್ನೇಹಿತರ ಸ್ಪೀಕರಿಗೆ ಹೀಗಾಗಿದೆಯಂತೆ," ಎಂದು ಬರೆದ. ಅರ್ಧ ಗಂಟೆಯಲ್ಲಿ ಹನ್ನೊಂದು ಸಲಹೆ ಬಂದವು. ವಿನೆಗರ್ ಹಚ್ಚಿ. ಅಂಟುವಾಳದ ನೀರು ಚಿಮುಕಿಸಿ. ಹೇರ್ ಡ್ರೈಯರ್ ಹಿಡಿಯಿರಿ. ಹಳೇ ಕಾಲದಲ್ಲಿ ಗೋಡೆಗೆ ಅಂಟಿಸಿದ ಕಾಗದವನ್ನು ಬ್ರೆಡ್ಡಿನ ತಿರುಳಿನಿಂದ ಒರೆಸುತ್ತಿದ್ದರು, ಅದೇ ಮಾಡಿ. ಹನ್ನೆರಡನೆಯವರು ಶುಭೋದಯ ಎಂದು ಗುಲಾಬಿ ಹೂವು ಕಳಿಸಿದ್ದರು. ಕಿಟ್ಟಿಗೆ ಕೊನೆಗೆ ಉಪಕಾರವಾದದ್ದು ಅದೊಂದೇ. ಅದರಿಂದ ಏನೂ ಹಾಳಾಗಲಿಲ್ಲ.

ಆಮೇಲೆ ಅವನು ಸ್ವಂತ ಬುದ್ಧಿ ಉಪಯೋಗಿಸಿದ. ಮೊಮ್ಮಗಳು ಸಮನ್ವಿತಾಳ ಒದ್ದೆ ವೈಪ್ಸಿನ ಪೊಟ್ಟಣ ಮನೆಯಲ್ಲಿತ್ತು. ಮಗುವಿನ ಚರ್ಮಕ್ಕೆ ಒಗ್ಗುವುದು ಕಾಗದಕ್ಕೆ ಒಗ್ಗದೆ ಏನು ಎಂದು ತರ್ಕಿಸಿ, ಬಲಗಡೆಯ ಕೋನಿನ ಅಂಚಿನಲ್ಲಿ ಒಂದು ಅಂಗುಲ ಒರೆಸಿದ. ಮಸಿ ಹೋಗಲಿಲ್ಲ, ಹರಡಿತು. ಕಾಗದ ಮೆತ್ತಗಾಗಿ ಅಲೆಯ ಹಾಗೆ ಎದ್ದಿತು. ಕಿಟ್ಟಿ ಕೈ ಹಿಂದಕ್ಕೆ ಎಳೆದುಕೊಂಡು ಸೋಫಾದ ಮೇಲೆ ಕೂತ. ಅರ್ಧ ಗಂಟೆ ಏಳಲಿಲ್ಲ.

"ದೇವಸ್ಥಾನದ ಸ್ಪೀಕರು ಕರ್ಪೂರದ ಮಸಿ ಹಿಡಿದು ಗೊರಗೊರ ಅಂತಿತ್ತಲ್ಲ, ಅದನ್ನ ಸರಿ ಮಾಡಿದವರ ನಂಬರ್ ಪಾರುಪತ್ತೇಗಾರರ ಹತ್ರ ಇದೆಯಂತೆ," ಎಂದಳು ಅಲಮೇಲು. "ಬಿಟಿಎಂ ಲೇಔಟಿನವರು. ಹುಲಿಗೆವ್ವ ಅಂತ."

"ದೇವಸ್ಥಾನದ ಸ್ಪೀಕರಿಗೂ ಇದಕ್ಕೂ ಹೋಲಿಕೆನಾ? ಇದು ಇಂಗ್ಲೆಂಡಿಂದು."

"ಮಸಿ ನಮ್ಮದೇ ಅಲ್ವಾ? ಫೋನ್ ಮಾಡಿ."

ಹುಲಿಗೆವ್ವ ಬಂದದ್ದು ಶನಿವಾರ ಮಧ್ಯಾಹ್ನ, ಬಸ್ಸಿನಲ್ಲಿ, ಹೆಗಲಿಗೆ ಒಂದು ಚೀಲ ಹಾಕಿಕೊಂಡು. ಐವತ್ತರ ಆಸುಪಾಸು, ಇಳಕಲ್ ಸೀರೆ, ಹಣೆಗೆ ದೊಡ್ಡ ಕುಂಕುಮ. ಕಿಟ್ಟಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಈ ಸ್ಪೀಕರುಗಳ ಇತಿಹಾಸವನ್ನು ಹಡಗಿನಿಂದ ಆರಂಭಿಸಿದ. ಆಕೆ ಅದನ್ನು ಕೇಳಿಸಿಕೊಳ್ಳದೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಬೈಲಿನ ಬೆಳಕನ್ನು ಪಕ್ಕದಿಂದ ಅಡ್ಡಡ್ಡ ಬಿಟ್ಟು ನೋಡಿದಳು. ಆಮೇಲೆ ಮೂಗನ್ನು ಗೇಣು ದೂರಕ್ಕೆ ತಂದು ಮೂಸಿದಳು.

"ಹೋಮ ಮಾಡಿಸೀರಿ," ಎಂದಳು. "ಕಟಗಿ ಹಸೀದಿತ್ತು. ತುಪ್ಪ ಭಾಳ ಹಾಕ್ಯಾರ."

"ಅದೆಲ್ಲ ವಾಸನೇಲೇ ಗೊತ್ತಾಗುತ್ತಾ?"

"ಇಪ್ಪತ್ತು ವರ್ಷ ಇದನ್ನ ಮೂಸಕೋತ ಬಂದೀನ್ರಿ. ಬಾರಿನಾಗಿನ ಸಿಗರೇಟ್ ಹೊಗಿ ಹಳದಿ, ಒಣಾ ಇರ್ತೈತಿ. ಗುಡ್ಯಾಗಿನ ಕರ್ಪೂರದ್ದು ಕರೇದು, ಆದ್ರ ಹಗೂರ, ಕುಂಚ ಆಡಿಸಿದ್ರ ಹೋಗ್ತೈತಿ. ದರ್ಗಾದ ಲೋಬಾನದ್ದು ಅಂಟು. ಹೋಮದ ಹೊಗಿ ಶ್ರೀಮಂತರ ಹೊಗಿ ನೋಡ್ರಿ. ತುಪ್ಪ ತಿಂದು ಬಂದಿರ್ತೈತಿ, ಕುಂತ್ರ ಏಳಂಗಿಲ್ಲ." ಆಮೇಲೆ ಬಲಗಡೆಯ ಅಂಚಿಗೆ ಬೆರಳು ತೋರಿಸಿದಳು. "ಇಲ್ಲಿ ನೀರು ಯಾರು ಹಚ್ಚಿದ್ರು?"

"ನೀರಾ? ಯಾವ ನೀರು?"

"ಮಗೂದು ವೈಪ್ಸು. ಇವ್ರೇ," ಎಂದು ಅಡುಗೆಮನೆಯಿಂದ ಅಲಮೇಲುವಿನ ದನಿ ಬಂತು.

ಹುಲಿಗೆವ್ವ ಕಿಟ್ಟಿಯ ಮುಖವನ್ನೊಮ್ಮೆ ನೋಡಿದಳು. ಬೈಯಲಿಲ್ಲ. "ಇನ್ನ ಮ್ಯಾಲ ಕೈ ತೊಡಿ ಮ್ಯಾಲ ಇಟ್ಕೊಂಡು ಕುಂದರ್ರಿ," ಎಂದಳು. ವಿಮಾ ಕಚೇರಿಯಲ್ಲಿ ಹದಿನಾಲ್ಕು ಜನರನ್ನು ಅಂಕೆಯಲ್ಲಿಟ್ಟಿದ್ದ ಕಿಟ್ಟಿ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತ.

ಅವತ್ತಿನಿಂದ ನಾಲ್ಕು ಮಧ್ಯಾಹ್ನ ಊಟದ ಮೇಜು ಹುಲಿಗೆವ್ವನದಾಯಿತು. ಮೊದಲು ಸ್ಪೀಕರುಗಳನ್ನು ಪೆಟ್ಟಿಗೆಯಿಂದ ಬಿಚ್ಚಬೇಕು. ಕಿಟ್ಟಿ ಸಂಭ್ರಮದಿಂದ ತನ್ನ ಸ್ಕ್ರೂಡ್ರೈವರ್ ಸೆಟ್ಟು ತಂದ. ಆಕೆ ಅದನ್ನು ನೋಡಿಯೇ, "ಅದನ್ನ ಆ ಕ್ವಾಣ್ಯಾಗ ಇಟ್ಟು ಬರ್ರಿ," ಎಂದಳು. ಕಬ್ಬಿಣದ ಮೊನೆಯನ್ನು ಅಯಸ್ಕಾಂತ ಕೈಯಿಂದ ಕಿತ್ತುಕೊಂಡು ನೇರ ಕೋನಿನೊಳಕ್ಕೆ ನಾಟಿಸಿಕೊಳ್ಳುತ್ತದಂತೆ. ಆಕೆಯದು ಹಿತ್ತಾಳೆಯದು. ಸ್ಕ್ರೂ ಬಿಚ್ಚುವಾಗಲೂ ಕೋನಿನ ಮೇಲೆ ರಟ್ಟಿನ ದುಂಡನೆಯ ಮರೆ ಹಿಡಿದಿದ್ದಳು.

ಚೀಲದಿಂದ ಹೊರಬಂದ ಆಯುಧಗಳನ್ನು ಕಂಡು ಕಿಟ್ಟಿಗೆ ನಿರಾಸೆಯಾಯಿತು. ಮುಖಕ್ಕೆ ಪೌಡರ್ ಹಚ್ಚುವ ಒಂದು ಮೆತ್ತನೆಯ ಕುಂಚ, ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಕೊಂಡದ್ದು. ಬಾಯಿಗೆ ಮಲ್ಲು ಬಟ್ಟೆ ಕಟ್ಟಿದ ಪುಟ್ಟ ವ್ಯಾಕ್ಯೂಮ್. ಬೆಂಕಿ ಬಿದ್ದ ಮನೆಗಳನ್ನು ಶುಚಿ ಮಾಡುವವರು ಬಳಸುವ, ನೀರಿಲ್ಲದೆ ಮಸಿ ಎತ್ತುವ ಒಣ ರಬ್ಬರ್ ಸ್ಪಂಜು. ಅದನ್ನು ಆಕೆ ಮೈಸೂರ್‌ಪಾಕಿನ ಹಾಗೆ ಸಣ್ಣ ಸಣ್ಣ ಚೌಕ ಕತ್ತರಿಸಿಟ್ಟಳು.

"ಇಷ್ಟೇನಾ?" ಎಂದ ಕಿಟ್ಟಿ. ಅವನ ಕೈಯಲ್ಲಿ ಬೆಳಿಗ್ಗೆಯೇ ತಂದಿಟ್ಟ ಬೇಕರಿ ಬ್ರೆಡ್ಡಿತ್ತು. "ನೋಡಿ, ಇದು ನಮ್ಮ ಅಯ್ಯಂಗಾರ್ ಬೇಕರೀದು, ಫ್ರೆಶ್ಶು. ಇದರ ತಿರುಳಲ್ಲಿ ಒರೆಸಿದ್ರೆ—"

"ಚೂರು ಒಳಗ ಬೀಳ್ತಾವ. ಇರಬಿ ಬರ್ತಾವ. ಇರಬಿ ಹಿಂದ ಜಿರಳಿ ಬರ್ತಾವ. ಅದನ್ನ ಚಾದ ಕೂಡ ಕೊಡ್ರಿ, ತಿಂತೀನಿ."

ಕುಂಚ ನಡುವಿನಿಂದ ಅಂಚಿನ ಕಡೆಗೆ, ನೊಣ ನಡೆದಷ್ಟು ಹಗುರಾಗಿ ಆಡಿತು. ವ್ಯಾಕ್ಯೂಮಿನ ಮೂತಿಯನ್ನು ಆಕೆ ಕೋನಿಗೆ ತಾಗಿಸಲೇ ಇಲ್ಲ, ಗೇಣು ದೂರದಲ್ಲಿ ಗಾಳಿಗೆ ಹಿಡಿದು, ಎದ್ದ ಮಸಿಯನ್ನು ಮಾತ್ರ ನುಂಗಿಸಿದಳು. ಹತ್ತಿರ ಹಿಡಿದರೆ ಕೋನಿನ ನಡುವಿನ ದುಂಡನೆಯ ಉಬ್ಬು ಕಿತ್ತು ಬಂದುಬಿಡುತ್ತದೆ ಎಂದಳು. ಆಮೇಲೆ ಸ್ಪಂಜಿನ ಸರದಿ. ಹಿಂದುಗಡೆಯಿಂದ ಒಂದು ಬೆರಳನ್ನು ಕಾಗದಕ್ಕೆ ಆಸರೆಯಾಗಿ ಕೊಟ್ಟು, ಮುಂದುಗಡೆಯಿಂದ ಚೌಕವನ್ನು ಒತ್ತಿ ಎತ್ತುವುದು, ಒತ್ತಿ ಎತ್ತುವುದು. ಉಜ್ಜುವ ಹಾಗಿಲ್ಲ. ಸ್ಪಂಜಿನ ಮುಖ ಕಪ್ಪಾದರೆ ಬ್ಲೇಡಿನಿಂದ ಅಷ್ಟು ಕತ್ತರಿಸಿ ಹೊಸ ಮುಖ. ಫ್ಯಾನು ಹಾಕುವ ಹಾಗಿಲ್ಲ. ಊದುವ ಹಾಗಿಲ್ಲ, ಎಂಜಲಿನ ಹನಿ ಬೀಳುತ್ತದೆ. ಮಾತಾಡುವುದಾದರೆ ಆ ಕಡೆ ತಿರುಗಿ ಮಾತಾಡಬೇಕು. ಲೋಹದ ಚೌಕಟ್ಟಿಗೆ ಮಾತ್ರ ಸ್ಪಿರಿಟ್ಟು, ಅದೂ ಹತ್ತಿಕಡ್ಡಿಯ ತುದಿಯಲ್ಲಿ ಹಿಂಡಿದ್ದು, ಕಾಗದದಿಂದ ಎರಡು ಬೆರಳು ದೂರ.

ಕಿಟ್ಟಿ ಗೋಡೆಯ ಕಡೆ ತಿರುಗಿ ಮಾತಾಡಿದ. ವಿಚಿತ್ರವೆಂದರೆ ಗೋಡೆಯ ಕಡೆ ತಿರುಗಿ ಮಾತಾಡುವವನಿಗೆ ಹೇಳುವುದಕ್ಕಿಂತ ಕೇಳುವುದೇ ಸುಲಭವಾಗುತ್ತದೆ. ಹಾಗೆ ಅವನಿಗೆ ಹುಲಿಗೆವ್ವನ ಕತೆ ಸಿಕ್ಕಿತು. ಊರು ಕೊಪ್ಪಳದ ಕಡೆ. ಗಂಡನ ಜೊತೆ ಬೆಂಗಳೂರಿಗೆ ಬಂದು, ಬೇಗೂರು ರಸ್ತೆಯಲ್ಲಿದ್ದ ಒಂದು ಸಣ್ಣ ಸ್ಪೀಕರ್ ಶೆಡ್ಡಿನಲ್ಲಿ ತಂತಿ ಸುತ್ತುವ ಕೆಲಸಕ್ಕೆ ಸೇರಿದ್ದು. ಕೂದಲಿನಷ್ಟು ಸಣ್ಣ ತಂತಿ. ಶೆಡ್ಡಿನ ಮಾಲೀಕರು ಚಿದಾನಂದ್ ಅಂತ.

"ಬಂದು ಎರಡು ತಿಂಗಳಾಗಿತ್ರಿ. ಒಂದು ಚರ್ಚಿನ ಸ್ಪೀಕರ್ ಬಂದಿತ್ತು, ಮೇಣದಬತ್ತಿ ಮಸಿ. ನಾ ಶ್ಯಾಣ್ಯಾಕಿ, ಒದ್ದಿ ಅರಿವಿ ತಗೊಂಡು ತಿಕ್ಕಿಬಿಟ್ಟೆ. ಕಾಗದ ಸತ್ತು ಹೋತು."

"ಆಮೇಲೆ? ಕೆಲಸದಿಂದ ತೆಗೆದ್ರಾ?"

"ಇಲ್ರಿ. ಚರ್ಚಿಗೆ ಬ್ಯಾರೆ ಹಾಕಿ ಕೊಟ್ರು. ಸತ್ತಿದ್ದನ್ನ ನನ್ನ ಕುಂದ್ರೋ ಜಾಗದ ಮುಂದ ತೂಗು ಹಾಕಿ, ರೇಡಿಯೋಕ್ಕ ಹಚ್ಚಿಕೊಟ್ರು. ದಿನಾ ಕೇಳವ್ವಾ ಅಂದ್ರು. ಆರು ತಿಂಗಳು ಕೇಳಿದೆ. ನ್ಯೂಸ್ ಓದಾಕಿ ನೆಗಡಿ ಬಂದಂಗ ಓದ್ತಿದ್ಲು, ದಿನಾ." ಹುಲಿಗೆವ್ವ ನಕ್ಕಳು. "ಶೆಡ್ ಮುಚ್ಚುವಾಗ ಈ ಹಿತ್ತಾಳಿ ಸ್ಕ್ರೂಡ್ರೈವರ್ ಕೊಟ್ಟು ಹೋದ್ರು. ಅವತ್ತ ಅವರು ಬೈದಿದ್ರ ನಾ ಬೈಸಿಕೊಂಡು ಮರತು ಬಿಡ್ತಿದ್ದೆ. ಬೈಲಿಲ್ಲ, ಅದಕ್ಕ ಇವತ್ತು ಬಿಟಿಎಂ ಹತ್ರ ತಾವರೆಕೆರೆಯಾಗ ಅರ್ಧ ಅಂಗಡಿ ನಂದೈತಿ."

ಉಳಿದರ್ಧ ಯಾರದು ಎಂದು ಕಿಟ್ಟಿ ಕೇಳಿದ. ಮೊಬೈಲ್ ಕವರ್ ಮಾರುವವನದಂತೆ.

ಮೂರನೆಯ ಮಧ್ಯಾಹ್ನ ಎಡಗಡೆಯ ಕೋನು ಬಿಸ್ಕತ್ತಿನ ಬಣ್ಣಕ್ಕೆ ಮರಳುತ್ತಾ ಬಂದಾಗ ಹುಲಿಗೆವ್ವ ಕೈ ನಿಲ್ಲಿಸಿದಳು. ಸ್ಪಂಜನ್ನು ಬೆಳಕಿಗೆ ಹಿಡಿದಳು, ಮೂಸಿದಳು.

"ಸಾಹೇಬ್ರ, ಇದರಾಗ ಎರಡು ಹೊಗಿ ಅದಾವು."

"ಎರಡಾ?"

"ಮ್ಯಾಗಿಂದು ನಿಮ್ಮ ಹೋಮದ್ದು. ಅದರ ಕೆಳಗ ಹಳದಿ ಒಂದೈತಿ. ಸಿಗರೇಟಿಂದು. ಒಂದೆರಡು ದಿನದ್ದಲ್ಲ, ಇಪ್ಪತ್ತು ಮೂವತ್ತು ವರ್ಷದ್ದು."

ಕಿಟ್ಟಿಯ ಮನೆಯಲ್ಲಿ ಯಾರೂ ಸೇದುವುದಿಲ್ಲ. ಹಾಗಾದರೆ ಜಯಸಿಂಹರೇ. ಮದುವೆಯಾದ ವರ್ಷವೇ ಬಿಟ್ಟೆನೆಂದು ಅವರು ಹೇಳುತ್ತಿದ್ದರು. ಆದರೆ ಸಂಗೀತ ಕೇಳುವಾಗ ಮುಂದಿನ ಕೋಣೆಗೆ ಚಿಲಕ ಹಾಕಿಕೊಳ್ಳುತ್ತಿದ್ದುದೂ, ಕಿಟಕಿ ಮಾತ್ರ ತೆರೆದಿರುತ್ತಿದ್ದುದೂ ಕಿಟ್ಟಿಗೆ ಗೊತ್ತಿತ್ತು. ಏಕಾಗ್ರತೆಗೆ ಎಂದು ಅವನು ಭಾವಿಸಿದ್ದ.

"ಅದನ್ನೂ ತೆಗೀಬಹುದಾ?"

"ತಗೀಬೇಕಂದ್ರ ಔಷಧ ಹಾಕಬೇಕು, ಕಾಗದ ಕುಡಿದು ಸಾಯ್ತೈತಿ. ಅಷ್ಟು ವರ್ಷ ಕುಡದದ್ದು ಈಗ ಹೊಗಿ ಅಲ್ರಿ, ಕಾಗದಾನ ಆಗೇತಿ. ಇರ್ಲಿ ಬಿಡ್ರಿ. ನೀವು ಕೇಳೂದು ಆ ಸದ್ದನ್ನ."

ಅವತ್ತು ಸಂಜೆ ಕಿಟ್ಟಿಯ ತಲೆಯಲ್ಲಿ ಒಂದು ಯೋಜನೆ ಅರಳಿತು. ಅಪರಾಧವನ್ನು ಉಪಕಾರವಾಗಿ ತಿರುಗಿಸುವ ಯೋಜನೆ. ಜಯಸಿಂಹರ ಸಿಗರೇಟಿನ ಹೊಗೆಯಿಂದ ಕೋನುಗಳು ಕೆಟ್ಟಿದ್ದವು, ಕಿಟ್ಟಿ ಅದನ್ನು ಸಕಾಲದಲ್ಲಿ ಗುರುತಿಸಿ, ತಜ್ಞರನ್ನು ಕರೆಸಿ, ಹತ್ತು ದಿನ ಬೆವರು ಸುರಿಸಿ ಉಳಿಸಿದ. ಇದರಲ್ಲಿ ಒಂದು ಮಾತೂ ಪೂರ್ತಿ ಸುಳ್ಳಲ್ಲ ಎಂದು ಅವನು ತನಗೇ ಹೇಳಿಕೊಂಡ. ವಿಮಾ ಕಚೇರಿಯಲ್ಲಿ ಇಂಥ ವಾಕ್ಯಗಳನ್ನು ದಿನವಿಡೀ ಓದಿದವನು, ಇಂಥದೊಂದನ್ನು ಬರೆದದ್ದು ಇದೇ ಮೊದಲು.

ಸ್ಪೀಕರುಗಳು ನಾಲ್ಕು ದಿನ ಇದ್ದಿಲಿನ ಪೊಟ್ಟಣದ ಜೊತೆ ರಟ್ಟಿನ ಡಬ್ಬದಲ್ಲಿ ಮುಚ್ಚಿಕೊಂಡು ಕೂತು, ಉಳಿದ ವಾಸನೆಯನ್ನೂ ಬಿಟ್ಟುಕೊಟ್ಟವು. ಭಾನುವಾರ ಬೆಳಿಗ್ಗೆ ಹುಲಿಗೆವ್ವ ಬಂದು ಅವನ್ನು ಪೆಟ್ಟಿಗೆಗೆ ಕೂರಿಸತೊಡಗಿದಳು. ಎಡಗಡೆಯದು ಮುಗಿದು ಬಲಗಡೆಯದರ ಕೊನೆಯ ಸ್ಕ್ರೂ ಬಾಕಿಯಿತ್ತು, ಜಯಸಿಂಹರ ಆಟೋ ಅರ್ಧ ಗಂಟೆ ಮೊದಲೇ ಬಂದುಬಿಟ್ಟಿತು.

"ಏನೋ ಇದು, ಪೆಟ್ಟಿಗೆ ಬಿಚ್ಚಿದ್ದೀಯ?" ಕೋಲೂರಿಕೊಂಡು ಒಳಗೆ ಬಂದ ಜಯಸಿಂಹರ ದನಿಯಲ್ಲಿ ಗಾಬರಿಯಿತ್ತು. ಹಿಂದೆ ವನಿತಾ.

ಕಿಟ್ಟಿ ಗಂಟಲು ಸರಿಮಾಡಿಕೊಂಡ. ಸಭೆಗಳಲ್ಲಿ ಮೈಕಿಗೆ ಕೈಹಾಕುವಾಗ ಮಾಡುವ ಹಾಗೆಯೇ.

"ಕೂತ್ಕೊಳ್ಳಿ ಸಾರ್, ಗಾಬರಿಯಾಗೋದೇನಿಲ್ಲ. ಕೋನಿಗೆ ಹೊಗೆ ಹಿಡಿದಿತ್ತು. ನಾನು ನೋಡ್ಕೊಂಡೆ. ಹಳೇ ಸಿಗರೇಟಿನ ಹೊಗೆ. ನೀವು ಆ ಕಾಲದಲ್ಲಿ ಸೇದ್ತಿದ್ರಲ್ಲ, ಅದು—"

"ಸಿಗರೇಟಾ?" ಎಂದರು ವನಿತಾ.

ಅವರು ಗಂಡನ ಕಡೆ ತಿರುಗಿದರು.

"ಪಕ್ಕದ ಮನೆ ಲಾಯರು ಸೇದೋದು, ಕಿಟಕೀಲಿ ಬರತ್ತೆ ಅಂದಿದ್ರಿ! ಮೂವತ್ತು ವರ್ಷ! ನಾನು ಆ ಮನುಷ್ಯನ ಹೆಂಡತಿ ಹತ್ರ ಹೋಗಿ, ಅಯ್ಯೋ ಪಾಪ, ನಿಮ್ಮೆಜಮಾನ್ರಿಗೆ ಸ್ವಲ್ಪ ಬುದ್ಧಿ ಹೇಳ್ರೀ ಅಂತ ಬೇರೆ ಹೇಳಿದ್ದೆ. ಅವಳು ಯಾಕೆ ನನ್ನ ಜೊತೆ ಮಾತು ಬಿಟ್ಟಳು ಅಂತ ಈಗ ಗೊತ್ತಾಯ್ತು."

ಜಯಸಿಂಹ ಸೋಫಾದ ಮೇಲೆ ಮೆಲ್ಲಗೆ ಕೂತರು. ಎಪ್ಪತ್ತೆಂಟು ವರ್ಷದ ಮುಖ ಶಾಲೆಯಲ್ಲಿ ಸಿಕ್ಕಿಬಿದ್ದವನ ಮುಖದ ಹಾಗಾಯಿತು. ಕೋಪ ಮಾಡುತ್ತಾರೆಂದು ಕಿಟ್ಟಿ ಕಾದ. ಅವರು ಮಾಡಲಿಲ್ಲ.

"ಹೌದು ಕಿಟ್ಟಿ. ನಂದೇ," ಎಂದರು. "ನನ್ನಿಂದ ನಿನಗೆ ತೊಂದರೆ ಆಯ್ತು. ನೀನು ಹನ್ನೆರಡು ವರ್ಷ ಮಗು ಹಾಗೆ ನೋಡ್ಕೊಂಡಿದ್ದೀಯ, ನಾನು ಕೊಡುವಾಗಲೇ ಕೆಡಿಸಿ ಕೊಟ್ಟಿದ್ದೆ ಅಂತ ಆಯ್ತು. ಹೋಗಿದ್ರೆ ಹೋಗ್ಲಿ ಕಣೋ. ನೀನು ಬೇಜಾರು ಮಾಡ್ಕೋಬೇಡ."

ಪೆಟ್ಟಿಗೆಯ ಹತ್ತಿರ ಹಿತ್ತಾಳೆಯ ಸ್ಕ್ರೂಡ್ರೈವರ್ ತಿರುಗುವುದನ್ನು ನಿಲ್ಲಿಸಿತ್ತು. ಹುಲಿಗೆವ್ವ ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು. ಅಲಮೇಲು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಆ ಹೊತ್ತಿಗೆ ಯಾರಾದರೂ ಕಿಟ್ಟಿಯ ಮೇಲೆ ಒಂದು ಮಾತು ಎಸೆದಿದ್ದರೆ ಅವನು ವಾದ ಮಾಡಿ ಬಚಾವಾಗುತ್ತಿದ್ದ. ಯಾರೂ ಎಸೆಯಲಿಲ್ಲ. ಮೇಷ್ಟ್ರು ಅವನ ಮೊಣಕೈ ಸವರಿ ಸಮಾಧಾನ ಮಾಡುತ್ತಿದ್ದರು.

"ಸಾರ್," ಎಂದ ಕಿಟ್ಟಿ. ಅವನ ಸಭೆಯ ದನಿ ಎಲ್ಲೋ ಹೋಗಿತ್ತು. "ನಿಮ್ಮದಲ್ಲ ಸಾರ್. ನಿಮ್ಮದು ಕೆಳಗಿದೆ, ಅದರಿಂದ ಏನೂ ಆಗಿಲ್ಲ. ಮೇಲಿದ್ದಿದ್ದು ನನ್ನದು. ಷಷ್ಟ್ಯಬ್ದಿ ಹೋಮದಲ್ಲಿ ನಾನೇ ನಾದಸ್ವರ ಹಾಕಿದ್ದು. ಅಲಮೇಲು ಬೇಡ ಅಂದ್ಲು. ಮುಂದಿನ ಬಟ್ಟೆ ಬಿಚ್ಚಿಟ್ಟೆ. ಕುಂಡ ಇಲ್ಲಿ, ಸ್ಪೀಕರ್ ಇಲ್ಲಿ. ಆಮೇಲೆ ಮಗೂದು ಒದ್ದೆ ವೈಪ್ಸಲ್ಲಿ ಒರೆಸಿ ಇನ್ನಷ್ಟು ಹಾಳು ಮಾಡಿದೆ. ಇವರು ಬರದೇ ಇದ್ದಿದ್ರೆ ಇವತ್ತು ನಿಮಗೆ ತೋರಿಸೋಕೆ ಏನೂ ಇರ್ತಿರಲಿಲ್ಲ. ನಿಮ್ಮ ವಸ್ತು ಸಾರ್ ಅದು. ನಾನು ನಂದು ಅನ್ಕೊಂಡು ಕುಣಿದೆ."

ಜಯಸಿಂಹ ಕೋಲನ್ನು ಸೋಫಾಕ್ಕೆ ಒರಗಿಸಿದರು.

"ನಾದಸ್ವರ ಹೇಗಿತ್ತು?" ಎಂದು ಕೇಳಿದರು.

"ಆಂ?"

"ಅಷ್ಟು ಹತ್ರ, ಬಟ್ಟೆ ಬಿಚ್ಚಿ, ತುಂಬಾ ಜೋರಾಗಿ ಹಾಕಿದ್ದೆ ಅಂದ್ಯಲ್ಲ. ಹೇಗೆ ಕೇಳಿಸ್ತು?"

ಕಿಟ್ಟಿಗೆ ಅದು ನಿಜ ಹೇಳುವ ದಿನವಾಗಿತ್ತು. "ಬ್ರಹ್ಮಾಂಡವಾಗಿತ್ತು ಸಾರ್."

"ಹಾಗಿದ್ರೆ ಸರಿ," ಎಂದರು ಜಯಸಿಂಹ. "ನಾನೂ ಸೇದ್ತಾ ಕೇಳಿದಾಗ ಬ್ರಹ್ಮಾಂಡವಾಗೇ ಇರ್ತಿತ್ತು."

"ನೀವು ಮನೆಗೆ ಬನ್ನಿ, ಹೇಳ್ತೀನಿ," ಎಂದರು ವನಿತಾ. ಆದರೆ ಅವರ ತುಟಿಯಂಚು ಆಗಲೇ ನಡುಗುತ್ತಿತ್ತು, ಮರುಕ್ಷಣ ಸೆರಗು ಬಾಯಿಗೆ ಹೋಯಿತು. ಅಲಮೇಲು ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ನಗುವಿನ ನಡುವೆ ಒದ್ದೆಯಾದ ಕಣ್ಣನ್ನು ಕಿಟ್ಟಿ ಕೋನಿನಿಂದ ದೂರ ತಿರುಗಿ ಒರೆಸಿಕೊಂಡ. ಅಷ್ಟು ಪಾಠವಾಗಿತ್ತು.

ಕೊನೆಯ ಸ್ಕ್ರೂ ಬಿಗಿದು ಹುಲಿಗೆವ್ವ ಎದ್ದು ನಿಂತಾಗ ಕಿಟ್ಟಿ ಅವಳ ಎದುರು ಬಂದು ಕೈ ಜೋಡಿಸಿದ. ಆರಂಭದ ವಾಕ್ಯ ಬಾಯಿಗೆ ಬಂದೇ ಬಂತು. "ಈ ಶುಭ ಸಂದರ್ಭದಲ್ಲಿ..." ಅಲ್ಲಿಗೆ ನಿಂತಿತು. ಮುಂದೆ ಏನು ಹೇಳಿದರೂ ಶಾಮಿಯಾನದವರಿಗೆ ಹೇಳಿದ್ದೇ ಆಗುತ್ತದೆ ಎನ್ನಿಸಿತು. ಜೋಡಿಸಿದ ಕೈ ಹಾಗೇ ಉಳಿಯಿತು.

"ಮೊದ್ಲ ಹಚ್ಚಿ ನೋಡ್ರಿ," ಎಂದಳು ಹುಲಿಗೆವ್ವ, ತುಸು ಸಂಕೋಚದಿಂದ. "ನನ್ನ ಬಸ್ಸಿಗೆ ಹೊತ್ತಾತು. ಇನ್ನೊಂದು ಹೇಳ್ತೀನಿ, ಬಲಕ್ಕಿಂದು ನೀರು ಬಿದ್ದ ಜಾಗ ಪೂರಾ ಹೋಗಿಲ್ಲ. ಇನ್ನ ಕೈ ಹಚ್ಚಿದ್ರ ಕೆಡತೈತಿ ಅಂತ ಬಿಟ್ಟೀನಿ. ತಂತಿ ಜೋರ್ ಮೀಟಿದಾಗ ಕೆಳಗಿನ ಸ್ವರದಾಗ ಒಂದೀಟು ಕೇಳ್ಬೌದು."

ಕಿಟ್ಟಿ ವೀಣೆಯ ರೆಕಾರ್ಡು ಹಾಕಿದ. ಮುಳ್ಳು ಇಳಿಯಿತು, ಒಂದೆರಡು ಸಲ ಚಿಟಿಚಿಟಿ ಎಂದಿತು. ಮೊದಲ ಮೀಟು ಬಂದಾಗ ಜಯಸಿಂಹರ ತಲೆ ಹಿಂದಕ್ಕೆ ಒರಗಿತು. ಮಂಕು ಹೋಗಿತ್ತು. ತಂತಿಯ ಮೇಲೆ ಬೆರಳು ಜಾರುವ ಸದ್ದು ಕೂಡ ಕೇಳುತ್ತಿತ್ತು. ಅಲಮೇಲು ಒಲೆ ಆರಿಸಿ ಬಂದು ವನಿತಾರ ಪಕ್ಕದಲ್ಲಿ ಕೂತಳು. ಆಲಾಪನೆ ಮಂದ್ರಕ್ಕೆ ಇಳಿಯಿತು.

"ಬಲಗಡೆ ಏನೋ ಸರಸರ ಅಂತಿದೆ," ಎಂದರು ಜಯಸಿಂಹ, ಕಣ್ಣು ಮುಚ್ಚಿಕೊಂಡೇ.

"ಅದು ನಾನು ಸಾರ್," ಎಂದ ಕಿಟ್ಟಿ.

"ಇರ್ಲಿ. ಎಡಗಡೆ ನಾನೂ ಇದೀನಿ."

ವೀಣೆ ಮುಂದುವರಿಯಿತು. ಹುಲಿಗೆವ್ವ ಚೀಲವನ್ನು ಹೆಗಲಿಗೇರಿಸಿ ಬಾಗಿಲ ಹತ್ತಿರ ಚಪ್ಪಲಿಯಲ್ಲಿ ಒಂದು ಕಾಲಿಟ್ಟು ನಿಂತಿದ್ದಳು. ತನ್ನ ಕೆಲಸ ಸರಿಯಾಗಿದೆಯೋ ಎಂದು ಒಂದು ನಿಮಿಷ ಕೇಳಿ ಹೊರಡುವವಳ ನಿಲುವು ಅದು. ನಿಮಿಷ ಹತ್ತಾಯಿತು, ಇಪ್ಪತ್ತಾಯಿತು. ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ರೆಕಾರ್ಡಿನ ಆ ಮಗ್ಗುಲು ಮುಗಿದು, ಮುಳ್ಳು ನಡುವಿನಲ್ಲಿ ಸುಮ್ಮನೆ ಸುತ್ತತೊಡಗಿತು. ಯಾರೂ ಏಳಲಿಲ್ಲ.

"ಈ ಪೆಟ್ಟಿಗೆಗಳು ಇಲ್ಲೇ ಇರ್ಲಿ ಕಿಟ್ಟಿ," ಎಂದರು ಜಯಸಿಂಹ. "ಇನ್ನೊಂದು ಸೈಡ್ ಹಾಕು."

ಕಿಟ್ಟಿ ಎದ್ದ. ಹುಲಿಗೆವ್ವ ಚಪ್ಪಲಿ ಬಿಟ್ಟಳು, ಚೀಲವನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತಳು.

"ಬಸ್ಸು ಅರ್ಧ ತಾಸಿಗೊಂದು ಬರ್ತಾವ್ರಿ," ಎಂದಳು. "ಹಚ್ರಿ."